ಇನ್ನೂರ ಹದಿನಾಲ್ಕು ಪೀಸು

2 ಜುಲೈ 2025, ಬುಧವಾರ

ಬೆಳಿಗ್ಗೆ ಗಿರಾಕಿಗಳ ಸೀರೆಗೆ ಹೊಂದುವ ಎರಡು ಜಂಪರ ಕತ್ತರಿಸಿದೆ. ಮೂರನೆಯದಕ್ಕೆ ಕತ್ತರಿ ಇಲ್ಲ. ಈಗ ತಾನೇ ಕೈಯಲ್ಲಿತ್ತು. ಮಷಿನ್ ಕೆಳಗೆ, ಇಸ್ತ್ರಿ ಟೇಬಲ್ ಮೇಲೆ, ಬಟ್ಟೆ ರಾಶಿಯೊಳಗೆ — ಎಲ್ಲಾ ಕೆದರಿದೆ. ಟೇಪು ಸಿಕ್ಕಿತು, ಹೋದ ವಾರ ಕಳೆದದ್ದು. ಅರ್ಧ ಬಿಸ್ಕೀಟು ಪುಡಿ ಸಿಕ್ಕಿತು. ಕತ್ತರಿ ಮಾತ್ರ… ಮುಕ್ಕಾಲು ತಾಸು ಹೋಯಿತು. ಕೊನೆಗೆ ನೋಡಿದರೆ ಕುರ್ಚಿಯ ದಿಂಬಿನ ಕೆಳಗೆ. ಅದರ ಮೇಲೇ ಕೂತು ಹುಡುಕಿದ್ದೇನೆ.

ಮಧ್ಯಾಹ್ನ ಇವರ ಫೋನ್, ಕಲ್ಲು ಪಾಲಿಶ್ ಕಾರ್ಖಾನೆಯಿಂದ. ದನಿ ತಣ್ಣಗಿತ್ತು. ಇವರ ದನಿ ತಣ್ಣಗಾದರೆ ನನಗೆ ಹೆದರಿಕೆ.

"ದಾನೇಶ್ವರಿ, ಇವತ್ತ ರೊಟ್ಟಿ ಜೋಡಿ ಏನ್ ಕಟ್ಟೀದಿ?"

"ಬದನಿಕಾಯಿ, ಶೇಂಗಾ ಹಿಂಡಿ. ಯಾಕ್ರೀ?"

"ಗುಲಾಬಿ ಬಣ್ಣದ್ದೊಂದು ಜಂಪರ ಪೀಸೂ ಬಂದದ. ಮಂದಿ ಎಲ್ಲಾ ನೋಡ್ಯಾರ. ಮಡಿವಾಳಯ್ಯನ ಹೆಂಡ್ತಿ ಗಂಡಗ ಉಡಿ ತುಂಬಿ ಕಳಿಸ್ಯಾಳಂತ ನಗ್ಲಿಕತ್ತಾರ."

ನಾನೂ ನಕ್ಕೆ. ನಗಬಾರದಿತ್ತು. ಸಂಜೆ ಬಂದವರೇ ಆ ಗುಲಾಬಿ ಪೀಸನ್ನು ನನ್ನ ಕೈಗಿಟ್ಟು ತೀರ್ಪು ಕೊಟ್ಟರು — "ನಿನ್ನ ಖೋಲಿಯಾಗಿಂದು ಖೋಲಿಯಾಗೇ ಇರ್ಬೇಕು. ನಾ ಪರಸಿ ಕಲ್ಲು ತಂದು ಶೆಲ್ಫ್ ಹಾಕಿಕೊಡ್ತೀನಿ. ಹೊಂದಿಸೋದು ನಿನ್ನ ಪಾಲಿನ ಕೆಲಸ."

ಆಯಿತು ಅಂದೆ. ಇಷ್ಟು ಬೇಗ ಒಪ್ಪಿದ್ದಕ್ಕೆ ಇವರಿಗೇ ಆಶ್ಚರ್ಯ. ನನ್ನ ಕಾರಣ ಬೇರೆ ಇದೆ. ಇವರಿಗೆ ಹೇಳಿಲ್ಲ.

4 ಜುಲೈ, ಶುಕ್ರವಾರ

ಪರಸಿ ಬಂತು. ಮೂರು ಹಲಗೆ, ನುಣ್ಣಗೆ ಪಾಲಿಶ್ ಮಾಡಿದ್ದು. ಶಹಾಬಾದಿನಲ್ಲಿ ಕಲ್ಲಿಗೇನು ಬರ. ನನ್ನ ಖೋಲಿ ಆರು ಫೂಟು ಅಗಲ, ಎಂಟು ಫೂಟು ಉದ್ದ. ಮೊದಲು ಅತ್ತೆ ಕುಳ್ಳು-ಕಟ್ಟಿಗೆ ಇಡುತ್ತಿದ್ದ ಜಾಗ. ಒಂದು ಮಷಿನ್, ಒಂದು ಇಸ್ತ್ರಿ ಟೇಬಲ್, ಒಂದು ಕುರ್ಚಿ, ನಾನು. ಗಿರಾಕಿ ಬಂದರೆ ಒಬ್ಬರು ಉಸಿರು ಬಿಗಿಹಿಡಿಯಬೇಕು.

ಇವರು ಗೋಡೆ ಕೊರೆದು, ಸಿಮೆಂಟು ಹಾಕಿ, ಮೂರೂ ಹಲಗೆ ಕೂರಿಸಿದರು. "ಹತ್ತ ಮಂದಿ ಕುಂತ್ರೂ ಮುರಿಯಂಗಿಲ್ಲ" ಅಂತ ಎದೆಯುಬ್ಬಿಸಿದರು. ಹತ್ತು ಮಂದಿ ನನ್ನ ಶೆಲ್ಫ್ ಮೇಲೆ ಯಾಕೆ ಕೂರುತ್ತಾರೆ, ಕೇಳಲಿಲ್ಲ.

5 ಜುಲೈ, ಶನಿವಾರ

ಎಲ್ಲಾ ಹೊರಗೆ ತೆಗೆದೆ. ಟ್ರಂಕು, ಎರಡು ಜೋಳದ ಚೀಲ, ಮಂಚದ ಕೆಳಗಿನ ಗಂಟು, ಅಡಿಗೆಮನೆ ಅಟ್ಟದ ಮೇಲಿನ ಹಾಲಿನ ಪುಡಿ ಡಬ್ಬ. ಪಡಸಾಲೆ ತುಂಬಿತು. ಗಿರಾಕಿ ಬಟ್ಟೆ ಬೇರೆ, ಅಸ್ತರ್ ಬೇರೆ, ಚಿಂದಿ ಬೇರೆ. ಉಳಿದದ್ದು ನನಗೆ ಬಂದ ಜಂಪರ ಪೀಸು. ಎಣಿಸಿದೆ.

ಇನ್ನೂರ ಹದಿನಾಲ್ಕು!

ಮೂವತ್ತು ವರ್ಷದ ಲಗ್ನ, ಕುಬಸ, ತೊಟ್ಟಿಲು, ಮನೆ ಒಕ್ಕಲು. ತೆಂಗಳಿಯದ್ದು, ಐನಾಪುರದ್ದು, ವಾಡಿಯ ಅಕ್ಕನ ಮನೆಯದ್ದು. ಹೋದಲ್ಲೆಲ್ಲ ಉಡಿ ತುಂಬುವಾಗ ಮಡಿಲಿಗೆ ಒಂದು ಪೀಸು. ಅರ್ಧದಷ್ಟು ಯಾರಿಗೂ ಹೊಲಿಸಿಕೊಳ್ಳಲು ಮನಸ್ಸಾಗದ ಬಣ್ಣ. ಕೆಂಪು ಚುಕ್ಕಿಯ ಹಳದಿಯೊಂದು ಇದೆ — ಅದನ್ನು ನಾನೇ ಎರಡು ಸಲ ಕೊಟ್ಟಿದ್ದೇನೆ, ಎರಡು ಸಲವೂ ಬೇರೆ ಊರು ಸುತ್ತಿ ನನಗೇ ಬಂದಿದೆ.

ಬಂದದ್ದನ್ನು ಇನ್ನೊಬ್ಬರಿಗೆ ಕೊಡುವುದು ತಪ್ಪಲ್ಲ. ಎಲ್ಲರೂ ಮಾಡುವುದೇ. ಕೊಟ್ಟವರಿಗೇ ತಿರುಗಿ ಹೋಗಬಾರದು, ಅಷ್ಟೆ. ಅದೊಂದು ಆದರೆ ಮುಗಿಯಿತು.

6 ಜುಲೈ, ಭಾನುವಾರ, ಸಂಜೆ

ಬರೆದೇ ಬಿಡುತ್ತೇನೆ. ಇಲ್ಲಿ ಅಲ್ಲದೆ ಇನ್ನೆಲ್ಲಿ.

ನಾನು ಹುಡುಕುತ್ತಿರುವುದು ಒಂದು ಹಸಿರು ಪೀಸು. ಗಿಳಿಹಸಿರು, ಮೈಮೇಲೆ ಸಣ್ಣ ಮಾವಿನಕಾಯಿ ಬುಟ್ಟಾ. ಭೀಮಬಾಯಿ ಕೊಟ್ಟದ್ದು, ಎರಡು ವರ್ಷದ ಹಿಂದೆ, ಅವಳ ಮಗಳು ಲುಂಬಿನಿಯ ಲಗ್ನದಲ್ಲಿ.

ಭೀಮಬಾಯಿ ಎರಡು ಮನೆ ಆಚೆ. ಇಪ್ಪತ್ತು ವರ್ಷದಿಂದ ನಾನು ಹೊಲಿಯುವುದು, ಅವಳು ಹುಕ್ಕು ಹಚ್ಚುವುದು. ಅವಳು ಹಚ್ಚಿದ ಹುಕ್ಕು ಜಂಪರ ಹರಿದರೂ ಕಿತ್ತುಬರುವುದಿಲ್ಲ. ಯಾರಿಗೆ ಪೀಸು ಕೊಟ್ಟರೂ ಮೊದಲು ಅದರ ಕತ್ತರಿಸಿದ ಅಂಚಿಗೆ ಸುತ್ತಲೂ ಸಣ್ಣ ಹೊಲಿಗೆ ಹಾಕಿ, ಎಳೆ ಬಿಚ್ಚದ ಹಾಗೆ ಮಾಡಿಯೇ ಕೊಡುವವಳು. ಈ ಊರಲ್ಲಿ ಇನ್ಯಾರೂ ಹಾಗೆ ಮಾಡುವುದಿಲ್ಲ. ಜಾತಿ ಬೇರೆಯಾದರೂ ಒಂದೇ ತಾಟಿನಲ್ಲಿ ಉಂಡಿದ್ದೇವೆ ನಾವು.

ಮೇ ಇಪ್ಪತ್ತೈದಕ್ಕೆ ಬಸುರಿ ಲುಂಬಿನಿಗೆ ಕುಬಸದ ಕಾರ್ಯ. ಅವತ್ತು ಗಡಿಬಿಡಿ. ಟ್ರಂಕಿಗೆ ಕೈ ಹಾಕಿ ಮೇಲೆ ಸಿಕ್ಕಿದ್ದನ್ನು ಎಳೆದೆ, ಕಾಯಿ-ಅಕ್ಕಿ ಜೊತೆ ಇಟ್ಟುಕೊಂಡು ಓಡಿದೆ. ನಲವತ್ತು ಮಂದಿ ಹೆಂಗಸರ ನಡುವೆ ಉಡಿ ತುಂಬಿದೆ. ಭೀಮಬಾಯಿಯ ಮುಖ ನೋಡಿದೆ. ಆಮೇಲೆ ಲುಂಬಿನಿಯ ಉಡಿ ನೋಡಿದೆ. ಗಿಳಿಹಸಿರು. ಮಾವಿನಕಾಯಿ.

ಅದೇ ಪೀಸಾ? ಅದೇ ಥರದ ಇನ್ನೊಂದಾ? ಅಂಚಿಗೆ ಹೊಲಿಗೆ ಇತ್ತಾ? ನನಗೆ ಗೊತ್ತಿಲ್ಲ. ಮಡಿಕೆ ಬಿಚ್ಚಿಯೇ ಇರಲಿಲ್ಲ.

ಅವತ್ತೇ ಸಂಜೆ ಭೀಮಬಾಯಿ ಬಾಗಿಲಿಗೆ ಬಂದಳು. ಹುಕ್ಕಿಗೆ ಒಯ್ದಿದ್ದ ಹನ್ನೊಂದು ಜಂಪರ ಹಾಗೇ ವಾಪಸು. ಹೊಸ್ತಿಲು ದಾಟಲಿಲ್ಲ. "ನಮ್ಮ ಕೈಲಿಂದ ಬಂದಿದ್ದು ನಿಮ್ಮಂಥವರ ಮನ್ಯಾಗ ಉಳಿಯಂಗಿಲ್ಲ ಅನಸ್ತದ್ರಿ" ಅಂದಳು.

ನಿಮ್ಮಂಥವರು. ಇಪ್ಪತ್ತು ವರ್ಷ 'ನೀ' ಅಂದವಳು 'ರಿ' ಹಚ್ಚಿದಳು. ಗೋಡೆಯ ಮೇಲೆ 'ಇವ ನಮ್ಮವ' ಅಂದ ಬಸವಣ್ಣನ ಫೋಟೊ ಇದೆ, ಅದರ ಕೆಳಗೆ ನಿಂತು ಆ ಮಾತು ಕೇಳಿದೆ. ಅಲ್ಲ ಅನ್ನಬೇಕಿತ್ತು. ಅಲ್ಲ ಅನ್ನಲು ಗೊತ್ತಿರಬೇಕಲ್ಲ! ಬಾಯಿ ಬಡುಕಿ ಅಂತ ಹೆಸರಾದವಳು ನಾನು, ಹನ್ನೊಂದೂ ಜಂಪರ ಎಣಿಸಿ ತೆಗೆದುಕೊಂಡೆ. ಅವಳು ಹೋದ ಮೇಲೆ ಅಳು ಬಂತು.

ಆ ಪೀಸು ಈ ಮನೆಯಲ್ಲಿದ್ದರೆ ನಾನು ತಪ್ಪಿತಸ್ಥಳಲ್ಲ. ಇಲ್ಲದಿದ್ದರೆ ಹೌದು. ಅಷ್ಟೇ ಲೆಕ್ಕ.

8 ಜುಲೈ, ಮಂಗಳವಾರ

ಯೂಟ್ಯೂಬಿನಲ್ಲಿ ಒಬ್ಬಾಕೆ ಬಟ್ಟೆ ಹೊಂದಿಸುವುದು ತೋರಿಸುತ್ತಾಳೆ. "ಸಣ್ಣ ಜಾಗಕ್ಕೆ ಐಡಿಯಾ" ಅಂತ ಹೆಸರು. ಆಕೆಯ ಸಣ್ಣ ಜಾಗ ನಮ್ಮ ಇಡೀ ಮನೆಯಷ್ಟಿದೆ. ಇರಲಿ. ರಟ್ಟಿಗೆ ಬಟ್ಟೆ ಸುತ್ತಿ, ಪುಸ್ತಕದ ಹಾಗೆ ನಿಲ್ಲಿಸುವುದು ಹಿಡಿಸಿತು. ಒಂದನ್ನು ಎಳೆದರೆ ಉಳಿದವು ಬೀಳುವುದಿಲ್ಲ. ಅಂಗಡಿಯಿಂದ ಶರ್ಟಿನ ಖಾಲಿ ಡಬ್ಬ ತಂದು ಒಂದೇ ಅಳತೆಗೆ ರಟ್ಟು ಕತ್ತರಿಸಿದೆ. ಪರಸಿ ಮಳೆಗಾಲದಲ್ಲಿ ತಣ್ಣಗೆ ಬೆವರುತ್ತದೆ, ಅದಕ್ಕೆ ಕೆಳಗೆ ಪೇಪರು, ಪೇಪರಿನ ಮೇಲೆ ಒಣ ಬೇವಿನ ಎಲೆ, ಮೂಲೆಗೆ ಡಾಂಬರ್ ಗುಳಿಗೆ.

ಬಣ್ಣದ ಪ್ರಕಾರ ಹಚ್ಚುತ್ತಿದ್ದೇನೆ. ಕೆಂಪು ಮುಗಿಯಿತು — ಐವತ್ತೆರಡು. ನಮ್ಮ ಕಡೆಯ ಮಂದಿಗೆ ಕೆಂಪಿನ ಹುಚ್ಚು. ಹಳದಿ ಮೂವತ್ತು. ಹಸಿರಿಗೆ ಬರಲು ಧೈರ್ಯವಿಲ್ಲದೆ ನೀಲಿ ಹಿಡಿದೆ.

9 ಜುಲೈ, ಬುಧವಾರ

ಹಸಿರು ಹತ್ತೊಂಬತ್ತು. ಬೇವಿನ ಹಸಿರು, ಬಾಟಲಿ ಹಸಿರು, ಪಾಚಿಯ ಹಾಗಿರುವ ಒಂದು, ಸರ್ಕಾರಿ ಆಸ್ಪತ್ರೆಯ ಪರದೆಯ ಹಾಗಿರುವ ಎರಡು. ಗಿಳಿಹಸಿರು ಇಲ್ಲ.

ಎರಡನೇ ಸಲ ನೋಡಿದೆ. ಇಲ್ಲ.

ಹಾಗಾದರೆ ನಾನು ಕೊಟ್ಟದ್ದು ಅದೇ. ಊಟ ಸೇರಲಿಲ್ಲ. ಇವರು ಕೇಳಿದರು, ಬಿಸಿಲು ಅಂದೆ. ಹೊರಗೆ ಮಳೆ ಸುರಿಯುತ್ತಿತ್ತು.

11 ಜುಲೈ, ಶುಕ್ರವಾರ

ಜೈತುನ್ಬೀ ಬಂದಿದ್ದಳು, ತಲೆಯ ಮೇಲೆ ಬಟ್ಟೆಗಂಟು. ಮನೆಮನೆಗೆ ಹೋಗಿ ಕಟ್‌ಪೀಸ್ ಮಾರುವವಳು. ಈ ಊರಿನಲ್ಲಿ ಯಾರು ಯಾವ ಬಟ್ಟೆ ಕೊಂಡರು, ಯಾರು ಎಷ್ಟು ಚೌಕಾಸಿ ಮಾಡಿದರು, ಎಲ್ಲ ಅವಳ ತಲೆಯಲ್ಲಿದೆ. ಬಾಯಲ್ಲೂ ಇದೆ, ಅದೇ ಕಷ್ಟ.

ನನ್ನ ಹೊಸ ಶೆಲ್ಫ್ ನೋಡಿ ದವಡೆಯ ಮೇಲೆ ಕೈಯಿಟ್ಟಳು. "ಯಾ ಅಲ್ಲಾ! ನನ್ನ ಗಂಟಿಗಿಂತ ನಿನ್ನ ಖೋಲ್ಯಾಗೇ ಜಾಸ್ತಿ ಅವ ಅಲ್ಲಕ್ಕಾ. ಇನ್ನ ನಾ ಯಾರಿಗಿ ಮಾರ್ಲಿ?"

ಸುಮ್ಮನೆ ಕೇಳಿದ ಹಾಗೆ ಕೇಳಿದೆ — ಎರಡು ವರ್ಷದ ಹಿಂದೆ, ಗಿಳಿಹಸಿರು, ಮಾವಿನಕಾಯಿ ಬುಟ್ಟಾ, ನೆನಪಿದೆಯಾ?

"ಹೂಂ! ಛಲೋ ಮಾಲು ಅದು. ಥಾನಿನ ಕಡೀಗಿ ಎರಡೇ ಪೀಸ್ ಉಳದಿದ್ವು. ಒಂದು ಭೀಮಬಾಯಿ ತಗೊಂಡ್ಳು. ಇನ್ನೊಂದು… ನಿಮ್ಮ ಚಿತ್ತಾಪುರದ ನಾದಿನಿ ಬಂದಿದ್ಳಲ್ಲ ಆವಾಗ, ಆಕಿ ಒಯ್ದ್ಳು."

ನಾದಿನಿ ಬಸವೇಶ್ವರಿ! ಹೋದ ವರ್ಷ ಅವಳ ಮನೆಯ ಒಕ್ಕಲಿಗೆ ಹೋದಾಗ ನನ್ನ ಉಡಿ ತುಂಬಿದ್ದಳು. ಹಾಗಾದರೆ ಎರಡೂ ನನ್ನ ಹತ್ತಿರವೇ ಇದ್ದವು. ಒಂದು ಹೋಯಿತು, ಒಂದು ಇರಬೇಕು. ಕುಣಿಯಬೇಕು ಅನಿಸಿತು, ಜಾಗವಿಲ್ಲ.

"ಯಾಕ ಕೇಳ್ತಿ?" ಅಂದಳು. "ಯಾಕಿಲ್ಲ, ಸುಮ್ಮ" ಅಂದೆ. ಅವಳ ಕಣ್ಣು ನಂಬಲಿಲ್ಲ.

12 ಜುಲೈ, ಶನಿವಾರ

ಬುದ್ಧಿಗೇಡಿ ಕೆಲಸ ಮಾಡಿದೆ. ನಾದಿನಿಗೆ ಫೋನ್ ಹಚ್ಚಿ, ನನಗೆ ಕೊಟ್ಟದ್ದು ಗಿಳಿಹಸಿರೇ ಹೌದಾ ಅಂತ ಕೇಳಿದೆ.

"ಹೌದು ವೈನಿ. ಯಾಕ್ರೀ, ಅದು ನಿಮ್ಮ ಹತ್ರ ಇಲ್ಲೇನು? ಯಾರಿಗರೆ ಕೊಟ್ರೇನು? ಎಷ್ಟು ಹುಡುಕಿ ತಂದಿದ್ದೆ ನಾ!"

ಇದೆ, ಇದೆ, ಅಂತ ನಾಲ್ಕು ಸಲ ಹೇಳಿ ಫೋನ್ ಇಟ್ಟೆ. ಒಂದು ಜಗಳ ಬಿಡಿಸಲು ಹೋಗಿ ಇನ್ನೊಂದಕ್ಕೆ ಬೆಂಕಿ ಹಚ್ಚುತ್ತಿದ್ದೆ. ಇನ್ನು ಮೇಲೆ ಪ್ರತಿ ಪೀಸಿಗೂ ಚೀಟಿ — ಯಾರು ಕೊಟ್ಟರು, ಯಾವ ಕಾರ್ಯಕ್ಕೆ. ನೆನಪಿದ್ದಷ್ಟಕ್ಕೆ ಇವತ್ತೇ ಬರೆದು ಗುಂಡುಸೂಜಿ ಚುಚ್ಚಿದೆ. ಎಂಬತ್ತಕ್ಕೆ ಹೆಸರು ಸಿಕ್ಕಿತು. ಉಳಿದವಕ್ಕೆ 'ಯಾರೋ' ಅಂತ ಬರೆದೆ. ಕೆಂಪು ಚುಕ್ಕಿಯ ಹಳದಿಗೆ 'ಎಲ್ಲರೂ'.

21 ಜುಲೈ, ಸೋಮವಾರ

ಒಂಬತ್ತು ದಿನ ಬರೆದಿಲ್ಲ. ಪಂಚಮಿ ಹತ್ತಿರ ಬಂತು, ಊರಿಗೂರೇ ಜಂಪರ ಹೊಲಿಸಲು ನಿಂತಿದೆ. ಹುಕ್ಕೂ ನಾನೇ ಹಚ್ಚುತ್ತಿದ್ದೇನೆ. ನನ್ನ ಹುಕ್ಕು ಎಂಟು ದಿನಕ್ಕೆ ಕಿತ್ತುಬರುತ್ತದೆ. ಮೂವರು ವಾಪಸು ತಂದು ಮುಖಕ್ಕೆ ಹಿಡಿದರು.

ಆದರೆ ಇವತ್ತಿನ ಸುದ್ದಿ ಬೇರೆ. ಮಾಣಿಕಪ್ಪ ಬಂದ, ಭೀಮಬಾಯಿಯ ಗಂಡ. ಕೈಯಲ್ಲಿ ಪೇಡೆ ಡಬ್ಬಿ.

"ಲುಂಬಿನಿಗಿ ಹೆಣ್ಣು ಕೂಸು ಆಗ್ಯಾದ್ರಿ ಅಕ್ಕೋರೆ. ನಿನ್ನಿ ಮುಂಜಾನಿ. ಇಬ್ರೂ ಆರಾಮ ಅದಾರ."

"ಭೀಮಬಾಯಿ ಕಳಿಸ್ಯಾಳೇನು?"

ಮಾಣಿಕಪ್ಪನಿಗೆ ಸುಳ್ಳು ಬರುವುದಿಲ್ಲ. "ಇಲ್ರೀ. ನಾನೇ ತಂದೀನಿ. ಓಣಿಗೆಲ್ಲಾ ಕೊಟ್ಟು ನಿಮ್ಮ ಮನಿ ಹ್ಯಾಂಗ ಬಿಡ್ಲಿ?"

ಎರಡು ಪೇಡೆ ತಿಂದೆ. ಲುಂಬಿನಿ ಈ ಖೋಲಿಯ ನೆಲದ ಮೇಲೆ ಚಿಂದಿಯಲ್ಲಿ ಗೊಂಬೆ ಕಟ್ಟಿಕೊಂಡು ಬೆಳೆದವಳು. ಅವಳ ಕೂಸು ಎರಡು ಮನೆ ಆಚೆ ಅಳುತ್ತಿದೆ, ನನಗೆ ಕೇಳಿಸುತ್ತಿದೆ, ಹೋಗಿ ಎತ್ತಿಕೊಳ್ಳುವ ಹಾಗಿಲ್ಲ. ಮಷಿನ್ ಜೋರಾಗಿ ತುಳಿದೆ.

30 ಜುಲೈ, ಬುಧವಾರ

ನಿನ್ನೆ ಪಂಚಮಿ. ಎಳ್ಳುಂಡಿ, ಶೇಂಗಾ ಉಂಡಿ, ತಂಬಿಟ್ಟು. ಒಂದು ಡಬ್ಬಿ ತುಂಬಿ ಭೀಮಬಾಯಿಯ ಮನೆಗೆ ಇವರ ಕೈಯಲ್ಲಿ ಕಳಿಸಿದೆ. ಬಾಣಂತಿಗೆ ಅಂತ ಹೇಳಿ ಕೊಡಿ ಅಂದೆ, ಇಲ್ಲ ಅನ್ನಲು ಬಾರದ ಹಾಗೆ.

ಇವತ್ತು ಡಬ್ಬಿ ಬಂತು. ತಿಕ್ಕಿ ತೊಳೆದು, ಒರೆಸಿ, ಖಾಲಿ. ಖಾಲಿ ಡಬ್ಬಿ ಯಾರೂ ಕಳಿಸುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಾರೆ. ಉಂಡಿ ಮಾತ್ರ ಇಟ್ಟುಕೊಂಡಿದ್ದಾಳೆ. ಅಷ್ಟಾದರೂ ಆಯಿತು. ಹಬ್ಬದ ದಿನ ಅತ್ತರೆ ಒಳ್ಳೆಯದಲ್ಲ, ಅದಕ್ಕೆ ಇವತ್ತು ಸ್ವಲ್ಪ ಅತ್ತೆ.

2 ಆಗಸ್ಟ್, ಶನಿವಾರ, ಬೆಳಿಗ್ಗೆ 9

ಸಿಕ್ಕಿತು. ಸಿಕ್ಕಿತು ಸಿಕ್ಕಿತು ಸಿಕ್ಕಿತು!

ಕ್ರಮವಾಗಿ ಬರೆಯುತ್ತೇನೆ. ಇವರು ಕೆಲಸಕ್ಕೆ ಹೊರಟಿದ್ದರು, ಮಳೆ. ರೇನ್‌ಕೋಟು ನನ್ನ ಖೋಲಿಯ ಬಾಗಿಲ ಹಿಂದಿನ ಮೊಳೆಯಲ್ಲಿ. ಎಳೆದರು. ಅದರ ಜೊತೆಗೇ ಹಳದಿ ಕೈಚೀಲವೊಂದು ಕಿತ್ತು ಇವರ ಕಾಲ ಮೇಲೆ ಬಿತ್ತು.

"ಇದ್ಯಾವುದು ಮತ್ತ? ಎಲ್ಲಾ ಹೊಂದಿಸೀನಿ ಅಂದಿದ್ದಿ!"

ಆ ಚೀಲ ನಾನು ಮುಟ್ಟಿಯೇ ಇರಲಿಲ್ಲ. ಹೊಂದಿಸುವ ಲೆಕ್ಕಕ್ಕೇ ಬಂದಿರಲಿಲ್ಲ. ಅದು ನನ್ನದು. ಬಂದದ್ದರಲ್ಲಿ ಮನಸ್ಸಿಗೆ ಬಹಳ ಹಿಡಿಸಿದ್ದು, ಯಾರಿಗೂ ಕೊಡಬಾರದ್ದು, ಪುರಸೊತ್ತಾದಾಗ ನನಗೇ ಹೊಲಿದುಕೊಳ್ಳಬೇಕಾದ್ದು — ಆ ಚೀಲಕ್ಕೆ. ಪುರಸೊತ್ತು ಆಗಲೇ ಇಲ್ಲ, ಎಷ್ಟೋ ವರ್ಷವಾಯಿತು. ಅದರ ಮೇಲೆ ರೇನ್‌ಕೋಟು, ರೇನ್‌ಕೋಟಿನ ಮೇಲೆ ಶಾಲು, ಕಣ್ಣಿಂದ, ನೆನಪಿಂದ ಎರಡರಿಂದಲೂ ಮರೆಯಾಗಿತ್ತು.

ಒಳಗೆ ಹನ್ನೊಂದು ಪೀಸು. ಎಲ್ಲದರ ಕೆಳಗೆ ಗಿಳಿಹಸಿರು. ಬಿಚ್ಚಿದೆ. ಸುತ್ತಲೂ ಸಣ್ಣ ಸಣ್ಣ ಹೊಲಿಗೆ, ಅದೇ ಬಣ್ಣದ ದಾರ. ಮಡಿಕೆಯೊಳಗೆ ಹುಕ್ಕಿನ ಪುಟ್ಟ ಪೊಟ್ಟಣ. ಆಗ ನೆನಪಾಯಿತು. ಪೀಸು ಕೊಡುವಾಗ ಅಂದಿದ್ದಳು — "ಹುಕ್ಕು ಇದರಾಗೇ ಇಟ್ಟೀನಿ. ನೀ ಹೊಲಿ, ನಾ ಹಚ್ತೀನಿ."

ಇವರನ್ನು ನಿಲ್ಲಿಸಿ ಎಲ್ಲ ಹೇಳಿದೆ. ಮೇ ತಿಂಗಳಿಂದ. ಕೆಲಸಕ್ಕೆ ಹೊತ್ತಾಗುತ್ತಿದ್ದರೂ ಕೇಳಿಸಿಕೊಂಡರು. "ಇಷ್ಟು ದಿನ ಹೊಟ್ಯಾಗ ಇಟ್ಕೊಂಡು ಕುಂತಿದ್ದೆಲ್ಲ ಮಾರಾಯ್ತಿ" ಅಂದರು. ಆಮೇಲೆ, ಬಾಗಿಲಲ್ಲಿ ತಿರುಗಿ, "ಖೋಲಿ ಹೊಂದಿಸಿದ್ದು ನೀನು, ಹುಡುಕಿ ಕೊಟ್ಟಿದ್ದು ನಾನು. ನೆಪ್ಪಿಟ್ಕೋ" ಅಂದರು. ಜೀವಮಾನವಿಡೀ ಕೇಳಬೇಕು ಇನ್ನು.

3 ಆಗಸ್ಟ್, ಭಾನುವಾರ

ಹೋದೆ. ಮೈಮೇಲೆ ಹಳೇ ಸೀರೆ, ಸೆರಗಿನೊಳಗೆ ಗಿಳಿಹಸಿರು ಪೀಸು. ಭೀಮಬಾಯಿ ಅಂಗಳದಲ್ಲಿ ಕೂಸಿನ ಬಟ್ಟೆ ಒಣಹಾಕುತ್ತಿದ್ದಳು.

"ಬರ್ರಿ. ಕುಂದ್ರಿ" ಅಂದಳು. ತಹಶೀಲಿ ಆಫೀಸಿನಿಂದ ಬಂದವರಿಗೆ ಅನ್ನುವ ಹಾಗೆ.

ಕೂರಲಿಲ್ಲ. ಪೀಸು ಮುಂದೆ ಹಿಡಿದೆ. "ಅಂಚು ನೋಡು" ಅಂದೆ, ಅಷ್ಟೆ.

ತೆಗೆದುಕೊಂಡಳು. ಅಂಚಿನ ಮೇಲೆ ಹೆಬ್ಬೆರಳು ಎಳೆದಳು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ. ಒಳಗೆ ಹೋದಳು. ಟ್ರಂಕು ತೆಗೆದ ಸಪ್ಪಳ. ಇನ್ನೊಂದನ್ನು ತಂದಳು, ನಾನು ಕುಬಸಕ್ಕೆ ಕೊಟ್ಟದ್ದನ್ನು. ಮಡಿಕೆ ಬಿಚ್ಚಿಯೇ ಇರಲಿಲ್ಲ ಅವಳೂ. ಹೊರಸಿನ ಮೇಲೆ ಎರಡನ್ನೂ ಪಕ್ಕಪಕ್ಕ ಹಾಸಿದಳು. ಅದೇ ಹಸಿರು, ಅದೇ ಮಾವಿನಕಾಯಿ. ಒಂದಕ್ಕೆ ಅಂಚು ಕಟ್ಟಿದೆ, ಇನ್ನೊಂದರ ಎಳೆ ಬಿಚ್ಚಿಕೊಂಡಿದೆ.

"ಎರಡ್ ಇದ್ವಾ!" ಅಂತ ಮಾಣಿಕಪ್ಪ ನಕ್ಕ. ಜೊತೆಗೆ ಯಾರೂ ನಗಲಿಲ್ಲ. ಲುಂಬಿನಿ ಬಾಗಿಲಲ್ಲಿ ಕೂಸು ಹಿಡಿದು ನಿಂತಿದ್ದಳು.

"ಅವತ್ತೇ ಬಿಚ್ಚಿ ನೋಡ್ಬೇಕಿತ್ತು ನಾ" ಅಂದಳು ಭೀಮಬಾಯಿ. "ನೋಡ್ಲಿಲ್ಲ. ಆ ಮಾತೂ ಆಡಬಾರದಿತ್ತು. ತಪ್ಪು ನಂದೂ ಅದ."

ಮುಗಿಯಿತು ಅಂದುಕೊಂಡೆ. ನಗಲು ಶುರು ಮಾಡಿದ್ದೆ.

"ಆದ್ರ ಒಂದು ಹೇಳು. ಎರಡ ವರ್ಷಾಯ್ತು ಕೊಟ್ಟು. ಊರ ಮಂದಿದೆಲ್ಲಾ ಹೊಲೀತಿ. ಇದೊಂದು ನಿನಗ ಹೊಲ್ಕೊಳ್ಳಲಿಕ್ಕ ಆಗ್ಲಿಲ್ಲಾ? ಒಂದೇ ಒಂದ್ ಸಲ ನಿನ್ನ ಮೈಮ್ಯಾಲ ನೋಡಿದ್ರ, ಆ ಮಾತು ನನ್ನ ಬಾಯಾಗ ಬರ್ತಿತ್ತಾ?"

"ಛಲೋದು ಅಂತ ತೆಗೆದು ಇಟ್ಟಿದ್ದೆ."

"ಇಟ್ಟಿದ್ದು ಯಾರಿಗಿ ಕಾಣ್ತದ, ದಾನಕ್ಕಾ?"

ಗೆದ್ದು ಬರುತ್ತೇನೆ ಅಂತ ಹೋಗಿದ್ದೆ. ತಲೆ ತಗ್ಗಿಸಿ ನಿಂತೆ. ಅವಳು ಅಂಚಿಲ್ಲದ ಪೀಸನ್ನು ಮಡಚಿ ನನ್ನ ಕೈಗಿಟ್ಟಳು.

"ಇದರಾಗ ಕೂಸಿಗಿ ಕುಲಾವಿ ಹೊಲಿ. ಬರೋ ಆಯ್ತಾರ ತೊಟ್ಲಾ ಅದ."

ಬಾ ಅನ್ನಲಿಲ್ಲ. ತೊಟ್ಟಿಲು ಇದೆ ಅಂದಳು, ಅಷ್ಟೆ. ಹುಕ್ಕಿನ ಕೆಲಸದ ಮಾತು ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಆದರೆ ಮನೆಗೆ ಬಂದ ಮೇಲೆ ಹೊಳೆಯಿತು, ಮಧ್ಯದಲ್ಲಿ ಎಲ್ಲೋ ಆ 'ರಿ' ಬಿದ್ದುಹೋಗಿದೆ. ಹಾಂ, ಕೂಸನ್ನು ಎತ್ತಿಕೊಂಡೆ. ಅದನ್ನು ಬರೆಯುವುದೇ ಮರೆತೆ! ಮೂಗು ಪೂರ್ತಿ ಭೀಮಬಾಯಿಯದು.

5 ಆಗಸ್ಟ್, ಮಂಗಳವಾರ

ನನ್ನ ಅಳತೆ ಜಂಪರ 2013ರದು. ಹಾಕಿ ನೋಡಿದೆ. ಒಂದು ತೋಳು ಹೋಯಿತು. ಇನ್ನೊಂದು ಹೋಗಲು ಒಪ್ಪಲಿಲ್ಲ.

ಹೊಸ ಅಳತೆ ಬೇಕು. ಊರಿಗೆಲ್ಲ ಅಳತೆ ತೆಗೆಯುವವಳಿಗೆ ಅಳತೆ ತೆಗೆಯುವವರು ಯಾರು? ಇವರ ಕೈಗೆ ಟೇಪು ಕೊಟ್ಟೆ.

"ಎದಿ ಐವತ್ತೊಂಬತ್ತು" ಅಂದರು.

"ಟೇಪು ತಲಿಕೆಳಗ ಹಿಡದೀರಿ!"

"ಪರಸಿ ಅಳೆಯೋ ಮನಷಾ ನಾ. ಪರಸಿ ಉಸರಾಡಂಗಿಲ್ಲ. ನೀ ಸುಮ್ಮ ನಿಲ್ಲು."

ಮೂರು ಸಲ ತೆಗೆದರು, ಮೂರು ಬೇರೆ ಬೇರೆ ಅಂಕೆ. ನಡುವಿನದನ್ನು ಹಿಡಿದೆ. ನಗುತ್ತಾ ನಗುತ್ತಾ ಹೊಟ್ಟೆ ನೋವು ಬಂತು, ಅದರಿಂದಲೂ ಅಳತೆ ಕೆಟ್ಟಿರಬೇಕು.

7 ಆಗಸ್ಟ್, ಗುರುವಾರ

ಕತ್ತರಿ ಹಾಕುವ ಮೊದಲು ಬಹಳ ಹೊತ್ತು ಕೂತೆ. ದಿನಕ್ಕೆ ಐದು ಪೀಸು ಕತ್ತರಿಸುವ ಕೈ, ಇದೊಂದಕ್ಕೆ ಅಂಜಿತು. ಕತ್ತರಿಸಿದ ಮೇಲೆ ಇನ್ನು ಇದು ಯಾರ ಉಡಿಗೂ ಹೋಗುವುದಿಲ್ಲ. ಅಂಚಿನ ಹೊಲಿಗೆ ಇದ್ದಷ್ಟು ಉಳಿಸಿಕೊಂಡೆ, ತೋಳಿನ ಒಳಮಡಿಕೆಗೆ ಬರುವ ಹಾಗೆ.

ಹುಕ್ಕಿನ ಜಾಗ ಬೆನ್ನಿಗೆ ಇಟ್ಟೆ. ಲುಂಬಿನಿಯಂಥ ಹುಡುಗಿಯರು ಹೊಲಿಸಿಕೊಳ್ಳುವ ಫ್ಯಾಶನ್, ಐವತ್ತು ಹತ್ತಿರ ಬಂದವಳಿಗೆ ಬೇಕಿತ್ತಾ. ಆದರೆ ಬೆನ್ನ ಹುಕ್ಕು ಒಬ್ಬರೇ ಹಾಕಿಕೊಳ್ಳಲು ಬರುವುದಿಲ್ಲ. ಅದಕ್ಕೇ ಇಟ್ಟೆ.

ಕುಲಾವಿ ಮುಗಿಯಿತು. ಇಷ್ಟೇ ಇಷ್ಟು, ನನ್ನ ಮುಷ್ಟಿಗೆ ಹಾಕಿ ನೋಡಿದೆ. ಕೆಂಪು ಗೋಟು ಹಚ್ಚಿದೆ. ನಾದಿನಿಗೆ ಫೋನ್ ಮಾಡಿ ಖರೇ ಸುದ್ದಿ ಹೇಳಿದೆ: ನಿನ್ನ ಪೀಸು ಎಲ್ಲೂ ಹೋಗಿಲ್ಲ, ಕೂಸಿನ ತಲೆ ಮೇಲೆ ಕೂರುತ್ತದೆ. ಯಾರ ಕೂಸು ಅಂತ ಕೇಳಿದಳು. ಆಮೇಲೆ, "ಫೋಟೊ ಕಳಸ್ರಿ" ಅಂದಳು.

ಜೈತುನ್ಬೀ ಬಂದಿದ್ದಳು. ಮಷಿನ್ ಮೇಲಿನ ಜಂಪರ ಎತ್ತಿ, ಹಿಂದೆ ಮುಂದೆ ನೋಡಿ, "ಹುಕ್ಕು ಎಲ್ಲಿ?" ಅಂದಳು.

"ಹಚ್ಚಿಲ್ಲ. ಹಚ್ಚಂಗಿಲ್ಲ. ಪಿನ್ ಹಾಕ್ಕೊಂಡ್ ಹೋಗ್ತೀನಿ. ಯಾರಿಗೂ ಹೇಳ್ಬ್ಯಾಡ."

"ತೌಬಾ, ನಾ ಯಾರಿಗಿ ಹೇಳ್ಲಿ!" ಅಂದಳು, ಗಂಟು ತಲೆಯ ಮೇಲಿಟ್ಟುಕೊಂಡು, ಎಂದಿಲ್ಲದ ಅವಸರದಲ್ಲಿ ಹೋದಳು.

9 ಆಗಸ್ಟ್, ಶನಿವಾರ

ಶೆಲ್ಫ್ ಮತ್ತೆ ಬದಲಿಸಿದೆ. ಬಣ್ಣದ ಸಾಲು ನೋಡಲು ಚೆಂದ, ಕೆಲಸಕ್ಕಲ್ಲ. ಕೆಳಗಿನ ಪರಸಿ: ಗಿರಾಕಿಯದ್ದು. ನಡುವಿನದು: ಕೊಡುವಂಥದ್ದು, ಚೀಟಿ ಹಚ್ಚಿದ್ದು. ಮೇಲಿನದು, ಕಣ್ಣಿಗೆ ನೇರ: ನನ್ನದು. ಬಾಗಿಲ ಹಿಂದಿನ ಚೀಲ ಖಾಲಿ ಮಾಡಿ ಹತ್ತೂ ಪೀಸು ಅಲ್ಲಿ ನಿಲ್ಲಿಸಿದೆ. ತಿಂಗಳಿಗೆ ಒಂದು ಹೊಲಿಯಬೇಕು. ನೋಡೋಣ. ಇವರು ಖಾಲಿ ಚೀಲ ಕೇಳಿದರು, ಊಟದ ಡಬ್ಬಿಗೆ. ಒಳಗೆ ಏನೂ ಉಳಿದಿಲ್ಲ ಅಂತ ಮೂರು ಸಲ ಕೊಡವಿ ನೋಡಿ ಒಯ್ದರು.

ಭೀಮಬಾಯಿಯಿಂದ ಸುದ್ದಿ ಇಲ್ಲ. ಮಾಣಿಕಪ್ಪ ತೊಟ್ಟಿಲಿಗೆ ಬನ್ನಿ ಅಂತ ಓಣಿಯ ಮನೆಗಳಿಗೆಲ್ಲ ಹೇಳಿಕೊಂಡು ಹೋದ, ನಮಗೂ ಹೇಳಿದ. ಆದರೆ ಅವಳು ಹೇಳಬೇಕು. ಅವನು ಪೇಡೆಯನ್ನೂ ಅವಳಿಗೆ ಹೇಳದೆಯೇ ತಂದವನು.

10 ಆಗಸ್ಟ್, ಭಾನುವಾರ, ಬೆಳಿಗ್ಗೆ 8

ಮಳೆ ಬಿಟ್ಟಿದೆ. ಎರಡು ಮನೆ ಆಚೆ ಸಪ್ಪಳ, ಪಾತ್ರೆ, ಹೆಂಗಸರ ನಗು. ತೊಟ್ಟಿಲು ಹನ್ನೊಂದಕ್ಕಂತೆ.

ಮಾವಿನಹಳದಿ ಸೀರೆ, ಗಿಳಿಹಸಿರು ಜಂಪರ. ಕನ್ನಡಿಯಲ್ಲಿ ನೋಡಿಕೊಂಡೆ. ಛಲೋ ಕಾಣುತ್ತೇನೆ, ಸುಳ್ಳೇಕೆ ಬರೆಯಲಿ. ಬೆನ್ನಿಗೆ ಇವರು ಪಿನ್ನು ಹಾಕಿದರು. ಮೂರು ಪಿನ್ನು. ಎರಡು ಜಂಪರಕ್ಕೆ ಚುಚ್ಚಿದವು, ಒಂದು ನನಗೆ. ಮೇಲೆ ಸೆರಗು ಹೊದ್ದರೆ ಗೊತ್ತಾಗುವುದಿಲ್ಲ. ಹುಕ್ಕಿನ ಪೊಟ್ಟಣ ಮಷಿನ್ ಮೇಲೆ ಇದೆ, ಹಾಗೇ.

ಹೋಗಲೋ ಬೇಡವೋ. ಕುಲಾವಿ ಹೇಗೂ ಮುಟ್ಟಿಸಬೇಕಲ್ಲ. ಒಂಬತ್ತರವರೆಗೆ ನೋಡುತ್ತೇನೆ. ಹತ್ತರವರೆಗೆ. ಹೋಗುವುದಂತೂ ಹೌದು.

8.40

ಬಂದಳು. ಹೊಸ್ತಿಲು ದಾಟಿ, ಖೋಲಿಯೊಳಗೇ. ರೇಷ್ಮೆ ಸೀರೆ, ಕೈಯಲ್ಲಿ ಸೂಜಿ, ಬಾಣಂತಿ ಮನೆಯ ಲೋಬಾನದ ವಾಸನೆ. ಬಂದವಳೇ ನನ್ನ ಸೆರಗು ಸರಿಸಿದಳು.

"ನೋಡಿದ್ಯಾ? ಪಿನ್! ಜೈತುನ್ಬೀ ಹೇಳಿದ್ದು ಖರೇನೇ ಅದ. ಟೇಲರಮ್ಮ ಪಿನ್ ಚುಚ್ಕೊಂಡು ನನ್ನ ಮೊಮ್ಮಗಳ ತೊಟ್ಲಾಕ್ ಬರ್ತಾಳಂತ!"

ಬಿಚ್ಚಿ ಕೊಡುತ್ತೇನೆ ಅಂದೆ. ಹೊತ್ತಿಲ್ಲ ಅಂದಳು. ಮನೆಯಲ್ಲಿ ನಲವತ್ತು ಮಂದಿಯನ್ನು ಬಿಟ್ಟು ಬಂದಿದ್ದಾಳೆ. ಮೈಮೇಲಿನ ಬಟ್ಟೆಗೆ ಹೊಲಿಗೆ ಹಾಕುವಾಗ ಬಾಯಲ್ಲಿ ದಾರ ಕಚ್ಚಬೇಕು, ಇಲ್ಲದಿದ್ದರೆ ಕೆಡುಕು. ಒಂದು ತುಂಡು ದಾರ ನನ್ನ ಹಲ್ಲಿನ ನಡುವೆ ತುರುಕಿದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನಿನ್ನ ಬಾಯಿ ಮುಚ್ಚಿಸಿದೆ ಅಂತ ನಗುತ್ತಿದ್ದಾಳೆ. ಒಂದನೇ ಹುಕ್ಕು ಆಯಿತು. ಮಾತಾಡುವಂತಿಲ್ಲ. ಹೇಳುವುದು ಬಹಳ ಇದೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಎರಡನೆಯದು. ಅವಳ ಬೆರಳು ಬೆನ್ನಿಗೆ ತಣ್ಣಗೆ ತಾಗುತ್ತಿದೆ. ಮಷಿನ್ ಕೆಳಗೆ ಹನ್ನೆರಡು ಜಂಪರ ಹುಕ್ಕಿಲ್ಲದೆ ಬಿದ್ದಿವೆ, ಅದನ್ನೂ ನೋಡಿದಳು, ನಾಳೆಗೆ ಕಟ್ಟಿಡು ಅಂದಳು. ಕಣ್ಣಲ್ಲಿ ನೀರು ಬಂದು ಅಕ್ಷರ ಸರಿಯಾಗಿ ಕಾಣು

ಬರೆಯುವಾಗ ಬೆನ್ನು ಅಲುಗಾಡುತ್ತದಂತೆ, ಸೂಜಿ ಚುಚ್ಚುತ್ತದಂತೆ. "ಪೆನ್ನು ಇಡ್ತೀಯೋ ಇಲ್ಲೋ" ಅಂತಿದ್ದಾಳೆ. ಮೂರನೆಯದು ಮುಗಿಯಲಿ, ಇನ್ನೊಂದೇ ಸಾ—